ಗುರುದಕ್ಷಿಣೆಗೆ ಒಣಮಾಂಸ

ಬೆರ್ರಿಯೆಸಾ, ಸ್ಯಾನ್ ಹೋಸೆ
17-6-2025

ಪ್ರೀತಿಯ ಫಖರುನ್ನಿಸಾ ಆಪಾಗೆ ನಿನ್ನ ತಮ್ಮನ ಸಲಾಮು.

ನಾನು ಕೆಲಸ ಬಿಟ್ಟೆ. ಶೇಷಗಿರಿ ಸರ್ ಅವರೇ ಓಡಿಸಿದರು ಎಂದು ಯಾರಾದರೂ ಹೇಳಿದರೆ ಅದೂ ಸುಳ್ಳಲ್ಲ.

ಸ್ಯಾನ್ ರಮೋನಿನಲ್ಲಿ ಅವರ ಟ್ಯೂಷನ್ ಸೆಂಟರಿನ ವ್ಯಾನು ಓಡಿಸುತ್ತಿದ್ದೆನಲ್ಲ, ಅಲ್ಲಿ ಬಾಗಿಲಲ್ಲೇ ಉದ್ದ ಗಡ್ಡದ ಚೀನೀ ಮುದುಕನ ಗೊಂಬೆಯೊಂದಿದೆ. ಕನ್ಫ್ಯೂಷಿಯಸ್ ಅಂತ, ಎರಡೂವರೆ ಸಾವಿರ ವರ್ಷದ ಹಿಂದಿನ ಮೇಷ್ಟ್ರು. ಪಾಪದ ಮನುಷ್ಯ. ಮೂರು ವರ್ಷಕ್ಕೇ ಅಪ್ಪ ಸತ್ತ. ಬಡತನದಲ್ಲಿ ಬೆಳೆದ, ದನ ನೋಡಿಕೊಂಡ. ತನ್ನ ಮಾತು ಕೇಳುವ ದೊರೆ ಸಿಗಲೆಂದು ಹದಿನಾಲ್ಕು ವರ್ಷ ಅಲೆದ, ಒಬ್ಬನೂ ಕೇಳಲಿಲ್ಲ. ಸತ್ತ ಮೇಲೆ ಮಾತ್ರ ನೂರಾರು ವರ್ಷ ಇಡೀ ಚೀನಾ ಅವನ ಮಾತು ಓದಿಯೇ ಪರೀಕ್ಷೆ ಬರೆಯಿತಂತೆ. ಹೊಸ ಪೇರೆಂಟ್ಸ್ ಬಂದಾಗಲೆಲ್ಲ ಸರ್ ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಕೊನೆಗೆ ಕಣ್ಣು ಮುಚ್ಚಿ, ಒಂದು ಕಟ್ಟು ಒಣಮಾಂಸ ತಂದವನಿಗೂ ಆ ಗುರು ಪಾಠ ಇಲ್ಲ ಅನ್ನಲಿಲ್ಲ ಎನ್ನುತ್ತಾರೆ. ಇವರೋ ಬೆಳ್ಳುಳ್ಳಿ ವಾಸನೆಗೇ ಮೂಗು ಮುಚ್ಚುವ ಜನ.

ಅಲ್ಲಿ ಸಂಜೆ, ಓದು ಅರ್ಧಕ್ಕೆ ಬಿಟ್ಟ ದೊಡ್ಡವರಿಗೆ ಹೈಸ್ಕೂಲ್ ಪರೀಕ್ಷೆಯ ಕ್ಲಾಸು ನಡೆಯುತ್ತದೆ. ಆ ಹೊತ್ತು ನಾನು ವ್ಯಾನಿನಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಹಿಂದಿನ ಸಾಲಲ್ಲಿ ಕೂರಲೇ ಎಂದು ಮೂರು ಸಲ ಕೇಳಿದೆ. "ನೋಡಪ್ಪಾ ಮುಕರ್ರಮ್, ಡ್ರೈವರು ಬಂದು ಕ್ಲಾಸಲ್ಲಿ ಕೂತ್ರೆ ಫೀಸು ಕೊಟ್ಟವ್ರು ಏನಂದ್ಕೋತಾರೆ? ಲೆವೆಲ್ಲು ಅಂತ ಒಂದಿರತ್ತೆ" ಎಂದರು.

ಬಕ್ರೀದ್‌ನ ಕುರ್ಬಾನಿ ಮಾಂಸವನ್ನು ಅಮ್ಮಿಯ ಹಾಗೆಯೇ ಉದ್ದುದ್ದ ಸೀಳಿ, ಉಪ್ಪು ಅರಿಶಿನ ಹಚ್ಚಿ, ಬಾಲ್ಕನಿಯಲ್ಲಿ ದಾರ ಕಟ್ಟಿ ಒಣಹಾಕಿದ್ದೆ. ಶನಿವಾರ ಅದರಲ್ಲಿ ಒಂದು ಕಟ್ಟು ಒಯ್ದೆ. ಪೇರೆಂಟ್ಸ್ ಎದುರು ಸರ್ ಒಣಮಾಂಸದ ಮಾತಿಗೆ ಬಂದು ಕಣ್ಣು ಮುಚ್ಚಿದರು. ನಾನು ಕಟ್ಟನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ತಿಳಿಯಲೆಂದು ಬರುವ ಇಂಗ್ಲಿಷಿನಲ್ಲೇ ಕೇಳಿದೆ. "ಸಾರ್, ಫೀಸು ತಂದಿದೀನಿ. ಇವತ್ತಿಂದ ಕೂತ್ಕೊಳ್ಲಾ?"

ಕಣ್ಣು ಬಿಟ್ಟವರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. "ರಮಾ, ಟಿಶ್ಯೂ ತಾರೇ" ಎಂದು ಹೆಂಡತಿಯನ್ನು ಕೂಗಿದರು. ಮುಂದಿನ ಸಾಲಿನ ಚೀನೀ ಅಜ್ಜಿಯೊಬ್ಬಳು ಏನೋ ಕೇಳಿದಳು. ಫೀಸು ತಂದ ಮೇಲೆ ಈತನಿಗೆ ಯಾಕೆ ಪಾಠ ಇಲ್ಲ ಅಂತ ಅಜ್ಜಿ ಕೇಳುತ್ತಿದ್ದಾಳೆ ಎಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಸರ್ ಅಜ್ಜಿಗೆ ಹಲ್ಲು ಕಿರಿದು, ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ, "ಅದೇನೋ ಎಗ್ಸಾಂಪಲ್‌ಗೆ ಹೇಳೋದು ಕಣಯ್ಯಾ. ವ್ಯಾನಿನ ಕೀ ಇಟ್ಟು ನಡಿ" ಎಂದರು.

ಕೀ ಇಟ್ಟೆ. ಮಾಂಸ ವಾಪಸು ತರಲಿಲ್ಲ. ಅದನ್ನು ಯಾರು ಮುಟ್ಟಿ ಎತ್ತಿದರೋ, ನೋಡಬೇಕಿತ್ತು.

ಓದಿದವರನ್ನು ಹತ್ತಿರದಿಂದ ನೋಡಿ ಸಾಕಾಗಿದೆ ಆಪಾ. ಇಂಥವರ ಹಾಗೆ ಆಗಲಿಕ್ಕೆ ಯಾಕೆ ಓದಬೇಕು? ಆ ಹುಚ್ಚು ಪೂರ್ತಿ ಬಿಟ್ಟುಹೋಯಿತು. ಬೇರೆ ಕಡೆ ಡ್ರೈವರ್ ಕೆಲಸ ಸಿಗುತ್ತದೆ, ಚಿಂತೆ ಮಾಡಬೇಡ.

ನಿನ್ನ
ಮುಕರ್ರಮ್

ತಾ.ಕ.: ನನ್ನ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಫೋಟೋ ಬೇಗ ಕಳಿಸು. ಇಲ್ಲಿ ದೊಡ್ಡವರಿಗೆ ಪುಕ್ಕಟೆ ಕಲಿಸುವ ಶಾಲೆಯಲ್ಲಿ ಹೆಸರು ಬರೆಸಿದ್ದೇನೆ, ಸೋಮವಾರ ಶುರು. ಗಣಿತದಲ್ಲಿ ಪಾಸಾಗಿದ್ದೇನೆ ಎಂದು ಅವತ್ತು ನಿಮಗೆಲ್ಲ ಸುಳ್ಳು ಹೇಳಿದ್ದೆ. ಕಾರ್ಡು ನೋಡಿದಾಗ ಅಬ್ಬಾಗೆ ಹೇಳಬೇಡ.