ಬಾಯಿ ಮುರಿದ ಉಳಿ

ವಹಾಕಾ
ಗುರುವಾರ, ಮಧ್ಯಾಹ್ನ

ನನ್ನ ಮುದ್ದು ಅರಾಸೆಲಿ,

ಕ್ಷೇಮ ಸಮಾಚಾರ ಆಮೇಲೆ. ನಿನ್ನ ಅಮ್ಮ ಹೆದರಿದ್ದಾಳೆ. ಇದನ್ನು ಓದಿದ ಕೂಡಲೇ ಒಲೆಗೆ ಹಾಕು, ನನ್ನ ಹಳೆಯ ಉಳಿಯನ್ನು ಈ ಕಾಗದ ತಂದ ತೆಂಚಾ ಅಕ್ಕನ ಕೈಯಲ್ಲಿ ಇವತ್ತೇ ವಾಪಸು ಕಳಿಸು. ಅವಳು ಮಾರುವ ತಮಾಲೆ ಕಡುಬಿನ ಬುಟ್ಟಿಯನ್ನು ಯಾವ ಪೊಲೀಸನೂ ತಡಕುವುದಿಲ್ಲ. ತಡಕಿದರೆ ಅವಳ ಬಾಯಿಗೆ ಸಿಗಬೇಕಲ್ಲ!

ನಿನ್ನೆ ಸಂತೆಗೆ ಹೋಗಿದ್ದೆ. ಮಾಂಸದಂಗಡಿಯ ಗೋಡೆಯ ಮೇಲೆ ಮರದಚ್ಚಿನಲ್ಲಿ ಒತ್ತಿದ ಎವರಾರ್ದೊ ಮೇಷ್ಟ್ರ ಮುಖ, ಕೆಳಗೆ "ಇವರೆಲ್ಲಿ?" ಎಂಬ ಪ್ರಶ್ನೆ. ಮೇಷ್ಟ್ರುಗಳ ಮುಷ್ಕರದ ದಿನ ಸಿಪಾಯಿಗಳು ಜೀಪಿಗೆ ಹತ್ತಿಸಿಕೊಂಡು ಹೋದ ಮೇಲೆ ಅವರನ್ನು ಯಾರೂ ಕಂಡಿಲ್ಲ. ಅಚ್ಚಿನ ಮೇಲೆ ಸಹಿ ಇರಲಿಲ್ಲ. ಅವರ ಹೆಂಡತಿ ಅಲ್ಲೇ ನಿಂತು ಕಾಗದದ ಕೆನ್ನೆ ಸವರುತ್ತಿದ್ದಳು. "ನೋಡೇ ರುಫಿನಾ, ಇವರನ್ನ ಇನ್ನೂ ಯಾರೋ ಮರ್ತಿಲ್ಲ ಕಣೇ" ಎಂದಳು. ನನ್ನ ಮಗಳ ಕೆಲಸ ಎಂದು ಹೆಮ್ಮೆಯಾಯಿತು. ಆಮೇಲೆ ಮೇಷ್ಟ್ರ ಕೂದಲಿನ ಗೆರೆ ನೋಡಿದೆ.

ಪ್ರತಿಯೊಂದು ಬಿಳಿ ಗೆರೆಯ ನಡುವೆ ದಾರದಂಥ ಕಪ್ಪು ಗೀರು. ಹಳೆಯ ಬಾಗಿಲ ಹಲಗೆ ಕೆತ್ತುವಾಗ ಮೊಳೆಗೆ ತಾಗಿ ಆ ಉಳಿಯ ಬಾಯಿ ಚೂರು ಹಾರಿತ್ತು. ಅಲ್ಲಿಂದ ಅದು ಕೆತ್ತಿದ ಗೆರೆಯ ನಡುವೆ ಎಳೆಯಷ್ಟು ಮರ ಉಳಿದು ಮಸಿ ಹಿಡಿಯುತ್ತದೆ. ಮಸೆದುಬಿಡು ಎಂದು ನಿನ್ನಪ್ಪ ಗೊಣಗಿದರೂ ನಾನು ಕೇಳಲಿಲ್ಲ. ಆ ಗೀರೇ ನನ್ನ ಸಹಿಯಾಯಿತು. ಮದುವೆಯ ಕರೆಯೋಲೆ, ಮೆಸ್ಕಾಲ್ ಸಾರಾಯಿ ಸೀಸೆಯ ಚೀಟಿ, ಊರು ಕಾಯುವ ಸೊಲೆದಾದ್ ಮಾತೆಯ ಪಟ, ಯಾವುದರಲ್ಲಿ ಅದಿಲ್ಲ? ಠಾಣೆಯ ಗೋಡೆಯಲ್ಲೂ ನಾನೇ ಅಚ್ಚು ಹಾಕಿದ ಮಾತೆ ತೂಗುತ್ತಿದ್ದಾಳೆ.

ತೈಲಚಿತ್ರ ಧಣಿಯ ಮನೆ ಸೇರುತ್ತದೆ, ಅಚ್ಚು ಬೀದಿಯ ಪಾಲು ಎಂದು ನಿನಗೆ ಕಲಿಸಿದ್ದು ನಾನೇ. ನೀನು ಉಳಿ ಕೇಳಿದಾಗ ಕುಣಿದು ಕೊಟ್ಟೆ. ಈಗ ಅದೇ ನಿನ್ನನ್ನು ಹಿಡಿದುಕೊಡುತ್ತದೆ ಎಂದು ನನಗೆ ಭಯ.

ಇವತ್ತು ಬೆಳಿಗ್ಗೆ ಠಾಣೆಯಿಂದ ಇಬ್ಬರು ಬಂದರು. ಒಬ್ಬನ ಕೈಯಲ್ಲಿ ಮಾತೆಯ ಪಟ, ಇನ್ನೊಬ್ಬನ ಕೈಯಲ್ಲಿ ಗೋಡೆಯಿಂದ ಕಿತ್ತ ಮೇಷ್ಟ್ರು. "ಎರಡೂ ಒಂದೇ ಉಳೀದು ಅಜ್ಜಿ. ಈಗ ಅದು ಯಾರ ಹತ್ರ ಇದೆ? ಮಗಳ ಹತ್ರಾನಾ?" ಎಂದು ಕೇಳಿದರು. ಚಾಕೊಲೇಟ್ ಕಾಯಿಸಿಕೊಟ್ಟೆ. ಕೈ ನಡುಗಿ ಒಬ್ಬನ ಷರಟಿನ ಮೇಲೆ ಚೆಲ್ಲಿತು. ಏನೋ ಒಂದು ಹೇಳಿ ಸಾಗಹಾಕಿದೆ. ಆಗಿನಿಂದ ಬೀದಿಯಲ್ಲಿ ಗಾಡಿ ನಿಂತರೆ ಸಾಕು, ಕಿಟಕಿಗೆ ಓಡುತ್ತೇನೆ.

ಹಠ ಮಾಡಬೇಡ. ಉಳಿ ಕಳಿಸು. ಈ ಕಡೆ ತಲೆ ಹಾಕಬೇಡ.

ನಿನ್ನ ಅಮ್ಮ,
ರುಫಿನಾ

ಇನ್ನೊಂದು ಮಾತು: ನೀನು ಕೇಳದೆ ಬಿಡುವವಳಲ್ಲ, ಹೇಳಿಬಿಡುತ್ತೇನೆ. "ಉಳಿ ನಂದೇ, ಮೇಷ್ಟ್ರನ್ನ ಕೆತ್ತಿದ್ದೂ ನಾನೇ, ಮಸೆಯೋಕೆ ಕೊಟ್ಟಿದ್ದೀನಿ" ಎಂದೆ. "ಈ ನಡುಗೋ ಕೈಯಲ್ಲಾ?" ಎಂದು ನಕ್ಕರು. ನಾಳೆ ಅವರೆದುರು ಅದೇ ಉಳಿಯಿಂದ ಕೆತ್ತಿ ತೋರಿಸಬೇಕಂತೆ, ಇಲ್ಲದಿದ್ದರೆ ನಿನ್ನನ್ನು ಹುಡುಕುತ್ತಾರಂತೆ. ಉಳಿ ಹಿಡಿದರೆ ನನ್ನ ಕೈ ನಡುಗುವುದಿಲ್ಲ, ನಿನಗೆ ಗೊತ್ತು. ತೆಂಚಾ ತಂದ ಬುಟ್ಟಿಯಲ್ಲಿ, ತಮಾಲೆಗಳ ಕೆಳಗೆ, ನಿನಗೊಂದು ಹೊಸ ಉಳಿ ಇಟ್ಟಿದ್ದೇನೆ. ಮೇಷ್ಟ್ರ ಎಡಗಿವಿ ದೊಡ್ಡದಾಗಿದೆ, ಮುಂದಿನ ಹಲಗೆಯಲ್ಲಿ ಸರಿಮಾಡು.