ಡಾಕ್ಟರಲ್ಲಿ ಬೇಡಿದ ಒಂದು ಫಿಲ್ಮ್

ಹುಳಿಯಾರು
೧೧-೨-೧೯೭೯

ತಿಪಟೂರಿನ ಡಾಕ್ಟರ್ ಗಂಗಾಧರಯ್ಯನವರಿಗೆ ಫೋಟೋ ಸ್ಟುಡಿಯೋ ದೊಡ್ಡರಂಗಯ್ಯನ ನಮಸ್ಕಾರಗಳು.

ನನ್ನ ಹೆಂಡತಿ ಪುಟ್ಟಗಂಗಮ್ಮನ ಎದೆಯನ್ನು ಇನ್ನೊಂದು ಸಲ ಎಕ್ಸ್‌ರೇ ತೆಗೆಯೋಣ, ಕರ್ಕೊಂಡು ಬನ್ನಿ ಅಂದಿದ್ದಿರಿ. ಬೇಡ ಬಿಡಿ. ಹೋದ ಸಲದ್ದನ್ನು ನಾನೇ ಬೆಳಕಿಗೆ ಹಿಡಿದು ನೋಡಿದೆ. ನೆಗೆಟಿವ್ ನೋಡೋದೇ ನನ್ನ ಕಸುಬಲ್ಲವೇ? ನೀವು ಹೇಳದೆ ಬಿಟ್ಟದ್ದೂ ಕಂಡಿತು. ಅವಳಿಗೆ ನಾನೇನೂ ಹೇಳಿಲ್ಲ.

ಆ ಎಕ್ಸ್‌ರೇಗೆ ಇಟ್ಟಿರೋ ಫಿಲ್ಮನ್ನು ನನಗೆ ಕೊಡಿ. ಫೋಟೋ ಫಿಲ್ಮ್ ಕೊಳ್ಳಲಾಗದೆ, ನೀವು ಕೊಟ್ಟ, ತಾರೀಖು ಮೀರಿ ಬಳಸದೆ ಉಳಿದ ಎಕ್ಸ್‌ರೇ ಫಿಲ್ಮನ್ನೇ ಕತ್ತರಿಸಿ ದೊಡ್ಡ ಕ್ಯಾಮೆರಾಕ್ಕೆ ಹಾಕಿ ಊರವರನ್ನೆಲ್ಲ ತೆಗೆದೆ. ಮನೆಯವಳದೊಂದು ಫೋಟೋ ಇಲ್ಲ. ಕಪ್ಪು ಕಾಗದ ಸುತ್ತಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿ. ದಾರೀಲಿ ಬಿಚ್ಚಬಾರದು ಅಂತ ಗದರಿಸಿಯೇ ಹೇಳಿ. ಬೇಗ ಆಗಬೇಕು. ಈ ಫಿಲ್ಮು ನಿಧಾನ, ಅಲುಗದೆ ಉಸಿರು ಬಿಗಿಹಿಡಿದು ಕೂರಬೇಕು; ಅವಳಿಗೆ ಬೆಳಗಿನ ಹೊತ್ತು ಮಾತ್ರ ಕೆಮ್ಮು ಕಡಿಮೆ.

ಇದರಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ. ಹಣೇಲಿ ಮಸಿ ಬಳಿದಂಗೈತೆ ಅಂತ ಹೆಂಗಸರು ಜಗಳಕ್ಕೆ ಬರೋರು. ಅದಕ್ಕೇ ಅವರ ಕುಂಕುಮದ ಮೇಲೆ ಚೂರು ಪೌಡರ್ ಒತ್ತಿ ಕೂರಿಸುತ್ತಿದ್ದವಳು ಇವಳೇ. ನಿನ್ನೆ, ನಿನ್ನದೊಂದು ಫೋಟೋ ತೆಗೀತೀನಿ ಅಂದೆ.

"ನನ್ನ ಕುಂಕುಮಕ್ಕೆ ಪೌಡರ್ ಹಚ್ಚಬ್ಯಾಡಿ," ಅಂದಳು. "ಕಪ್ಪಗಾದ್ರೆ ಆಗ್ಲಿ ಬುಡಿ. ಕುಂಕುಮ ಇಟ್ಕಂಡೇ ಹೋದ್ಳು ಅಂತ ನೋಡ್ದೋರಿಗೆ ಗೊತ್ತಾಗ್ಬೇಕು."

ಬಸ್ಸಿನ ದಾರಿ ಕಾಯುತ್ತಿರುವ,
ದೊಡ್ಡರಂಗಯ್ಯ