ಪಕ್ಕದ ಮಂಚದ ಪ್ರಾರ್ಥನೆ

ಮಾರ್ಚ್ ೧೧, ಮಂಗಳವಾರ.

ಹೆಂಡತಿಗೆ ಇನ್ನು ಯಾವ ಔಷಧಿಯೂ ಕೆಲಸ ಮಾಡುವುದಿಲ್ಲವೆಂದು ಡಾಕ್ಟರು ಬೆಳಿಗ್ಗೆ ವಾರ್ಡಿಗೆ ಬಂದು ಹೇಳಿದರು. ಅವಳು ಮಲಗಿದಲ್ಲೇ ತಲೆಯಾಡಿಸಿದಳು. ನಾನು ಗೋಡೆಯ ಸ್ವಿಚ್ಚುಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಪಕ್ಕದ ಮಂಚದ ಟೀಚರಮ್ಮ ಮಾತ್ರ ಗುಣವಾಗಿ ಮನೆಗೆ ಹೊರಟರು. ಇದರಲ್ಲಿ ನಮ್ಮ ಪಾದ್ರಿಗಳ ಕೈವಾಡವಿದೆ. ಹೋದ ಭಾನುವಾರ ಅವರು ಭಕ್ತಿಯಿಂದ ಕನ್ನಡಕ ತೆಗೆದು, ಕಣ್ಣು ಮುಚ್ಚಿ, ನನ್ನ ಹೆಂಡತಿಯ ಹೆಸರೆತ್ತಿ ಪ್ರಾರ್ಥಿಸುತ್ತ, ನಿದ್ದೆಯಲ್ಲಿದ್ದ ಟೀಚರಮ್ಮನ ತಲೆಯ ಮೇಲೆ ಕೈಯಿಟ್ಟಿದ್ದರು.

"ದೇವರು ಕೇಳಿಸ್ಕೊಂಡಿದಾನೆ ರೀ. ವಿಳಾಸ ತಪ್ಪಿಹೋಯ್ತು, ಅಷ್ಟೆ," ಎಂದು ಇವಳು ನಕ್ಕಳು.

"ಹೆಸರು ಸರಿಯಾಗೇ ಹೇಳಿದ್ರಲ್ಲ. ನಿನ್ನ ದೇವರು ಸ್ವಲ್ಪ ವಿಚಾರಿಸ್ಬಹುದಿತ್ತು," ಎಂದೆ.

ಅದರಲ್ಲಿ ತಮಾಷೆ ಕಮ್ಮಿಯಿತ್ತು. ಈಚೆಗೆ ನಾನು ಪ್ರಾರ್ಥಿಸುವುದನ್ನೇ ಬಿಟ್ಟಿದ್ದೇನೆ; ಅದು ಅವಳಿಗೂ ಗೊತ್ತು.

ಸಂಜೆ ಆ ಮಂಚಕ್ಕೆ ಹೊಸ ಹುಡುಗಿಯೊಬ್ಬಳು ಬಂದಳು. ಬಂದಾಗಿನಿಂದ ಅಳುತ್ತಲೇ ಇದ್ದಳು.

"ಪಾಪ, ಆ ಹುಡುಗಿಗೋಸ್ಕರ ಒಂದು ಪ್ರಾರ್ಥನೆ ಮಾಡಿ."

"ನಿಂಗೆ?"

"ನಂದು ದೇವರಿಗೆ ಗೊತ್ತಿದೆ. ಅಲ್ದೆ, ಆ ಮಂಚ ಅವನಿಗೆ ರೂಢಿಯಾಗಿದೆ."

ಮಾಡಿದೆ. ಬಾಯಿ ಹುಡುಗಿಯ ಪರವಾಗಿಯೇ ಬೇಡಿತು. ಕೈ ಮಾತ್ರ ಇವಳ ತಲೆಯ ಮೇಲಿತ್ತು.